ನಿಮ್ಮ ‘ಹುಟ್ಟಿದ ಗಳಿಗೆ’ ಲೇಖನ ಓದಿದ ಮೇಲೆ

ನಮಸ್ಕಾರ.

ನೀವು ಕಳಿಸಿದ ‘ಹುಟ್ಟಿದ ಗಳಿಗೆ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಹಾಕುತ್ತಾರೋ ಇಲ್ಲವೋ ಎಂಬ ಒಂದೇ ಆತಂಕದಲ್ಲಿ ನೀವು ಮುಂದಿನದನ್ನೆಲ್ಲ ಓದಿ ಮುಗಿಸಬಾರದು. ಹಾಗಂತ ಎರಡು ಸಾಲಿನ ವಿಷಾದ ಬರೆದು ವಾಪಸ್ ಕಳಿಸುವ ಮನಸ್ಸೂ ಆಗಲಿಲ್ಲ. ಆರನೇ ಪುಟದಲ್ಲಿ ನಿಮ್ಮ ಅಕ್ಕನ ಬಗ್ಗೆ ಒಂದೂವರೆ ಪ್ಯಾರಾ ಇದೆ. ಅದಕ್ಕೋಸ್ಕರ ಇಷ್ಟು ಉದ್ದದ ಕಾಗದ.

ಮನುಷ್ಯ ಹುಟ್ಟಿದ ಹೊತ್ತೇ ಅವನ ಬದುಕನ್ನು ನಿರ್ಧರಿಸುತ್ತದೆ ಎನ್ನುವುದು ನಿಮ್ಮ ವಾದ. ಮೊದಲ ನಾಲ್ಕು ಪುಟ ಗ್ರಹಗತಿ, ಹಣೆಬರಹ, ಕಾಲನ ಆಟ. ಆಮೇಲೆ ಕೆನಡಾದ ಐಸ್ ಹಾಕಿ ಆಟಗಾರರ ಮೇಲೆ ಒಂದು ಪುಟ, ಯುದ್ಧಕಾಲದ ಮಕ್ಕಳ ಬಗ್ಗೆ ಒಂದು ಸಾಲು, ಅಕ್ಕನ ಪ್ಯಾರಾ, ಕೊನೆಗೆ ಮತ್ತೆ ಕಾಲದ ಮಹಿಮೆ. ಬರೆಯುವ ಕೈ ನಿಮಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ತೊಂದರೆ ಇರುವುದು ಒಂದು ಕಡೆ. ನಿಮ್ಮ ಲೇಖನದಲ್ಲಿ ಏನೇ ನಡೆದರೂ ಅದನ್ನು ಮಾಡಿದ್ದು ‘ಕಾಲ’. ಕಾಲ ಕೊಟ್ಟಿತು, ಕಾಲ ಕಿತ್ತುಕೊಂಡಿತು, ಕಾಲ ಕೈಬಿಟ್ಟಿತು. ಯಾರ ಮೂಲಕ, ಯಾವ ಕಾಗದದ ಮೂಲಕ, ಯಾವ ನಿಯಮದ ಮೂಲಕ ಎನ್ನುವುದು ಒಂದು ಕಡೆಯೂ ಇಲ್ಲ. ಹುಟ್ಟಿದ ದಿನ ಒಬ್ಬರ ಬದುಕನ್ನು ಮುಟ್ಟಬೇಕಾದರೆ ನಡುವೆ ಒಂದು ಕೈ ಬೇಕೇ ಬೇಕು. ಆ ಕೈ ತೋರಿಸುವುದೇ ನಿಮ್ಮ ಕೆಲಸ.

ಹೇಳುವುದಕ್ಕಿಂತ ಒಂದು ಉದಾಹರಣೆ ಕೊಡುತ್ತೇನೆ. 1969ರ ಡಿಸೆಂಬರ್ 1ರ ರಾತ್ರಿ ಅಮೆರಿಕದ ವಾಷಿಂಗ್ಟನ್‌ನಲ್ಲಿ, ಟಿವಿ ಕ್ಯಾಮೆರಾಗಳ ಎದುರು, ಒಂದು ದೊಡ್ಡ ಗಾಜಿನ ಪಾತ್ರೆ ಇಟ್ಟರು. ಒಳಗೆ 366 ನೀಲಿ ಪ್ಲಾಸ್ಟಿಕ್ ಕ್ಯಾಪ್ಸೂಲ್‌ಗಳು, ಪ್ರತಿಯೊಂದರಲ್ಲೂ ವರ್ಷದ ಒಂದು ತಾರೀಖು ಬರೆದ ಚೀಟಿ. ವಿಯೆಟ್ನಾಂ ಯುದ್ಧಕ್ಕೆ ಯಾರನ್ನು ಮೊದಲು ಕರೆಯಬೇಕು ಎಂಬುದನ್ನು ತೀರ್ಮಾನಿಸುವ ಲಾಟರಿ ಅದು. 1944ರ ಜನವರಿ 1ರಿಂದ 1950ರ ಡಿಸೆಂಬರ್ 31ರ ನಡುವೆ ಹುಟ್ಟಿದ ಗಂಡಸರಿಗೆ ಅನ್ವಯ. ಅಲೆಕ್ಸಾಂಡರ್ ಪಿರ್ನಿ ಎಂಬ ಸಂಸದ ಕೈ ಹಾಕಿ ಮೊದಲ ಕ್ಯಾಪ್ಸೂಲ್ ತೆಗೆದರು. ಸೆಪ್ಟೆಂಬರ್ 14. ಆ ದಿನ ಹುಟ್ಟಿದವರಿಗೆಲ್ಲ ಸಂಖ್ಯೆ 1. ಎಲ್ಲಕ್ಕಿಂತ ಕೊನೆಗೆ ಬಂದದ್ದು ಜೂನ್ 8, ಸಂಖ್ಯೆ 366. ಮುಂದೆ ಸೇನೆಗೆ ಕರೆ ಹೋದದ್ದು 195ರವರೆಗೆ. ಸೆಪ್ಟೆಂಬರ್ 14ರಂದು ಹುಟ್ಟಿದ ಹುಡುಗನಿಗೂ ಜೂನ್ 8ರಂದು ಹುಟ್ಟಿದ ಹುಡುಗನಿಗೂ ಬುದ್ಧಿಯಲ್ಲಿ, ದೇಹದಲ್ಲಿ, ಗುಣದಲ್ಲಿ ಯಾವ ಭೇದವೂ ಬೇಕಿರಲಿಲ್ಲ. ಚೀಟಿಯ ಭೇದ ಸಾಕಾಯಿತು.

ಮುಂದಿನದನ್ನು ಗಮನಿಸಿ. ಲಾಟರಿ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞರು ಪಟ್ಟಿ ನೋಡಿ ಹುಬ್ಬೇರಿಸಿದರು. ಜನವರಿಯ ತಾರೀಖುಗಳ ಸರಾಸರಿ ಸಂಖ್ಯೆ ಸುಮಾರು 201, ಡಿಸೆಂಬರ್‌ದು ಸುಮಾರು 121. ಡಿಸೆಂಬರ್‌ನ 31 ದಿನಗಳಲ್ಲಿ 195 ದಾಟಿ ಬಚಾವಾದದ್ದು ಐದೇ ದಿನ. ಲೆಕ್ಕದ ಪ್ರಕಾರ ಹದಿನಾಲ್ಕರಷ್ಟು ಇರಬೇಕಿತ್ತು. ಕ್ಯಾಪ್ಸೂಲ್‌ಗಳನ್ನು ಮೊದಲು ತಿಂಗಳ ಪ್ರಕಾರ ಒಂದು ಪೆಟ್ಟಿಗೆಗೆ ಹಾಕಿ ಆಮೇಲೆ ಗಾಜಿನ ಪಾತ್ರೆಗೆ ಸುರಿದಿದ್ದರು, ಚೆನ್ನಾಗಿ ಕಲಸಿರಲಿಲ್ಲ, ಹಾಗಾಗಿ ವರ್ಷದ ಕೊನೆಯ ತಿಂಗಳುಗಳು ಮೇಲುಗಡೆಯೇ ಉಳಿದವು. ಮುಂದಿನ ವರ್ಷದ ಲಾಟರಿಗೆ ವಿಧಾನ ಬದಲಾಯಿಸಿದರು. ಡಿಸೆಂಬರ್‌ನಲ್ಲಿ ಹುಟ್ಟಿದ ಎಷ್ಟೋ ಹುಡುಗರ ಪಾಲಿಗೆ ಬದುಕು ತಿರುಗಿದ್ದು ಒಂದು ಪಾತ್ರೆಯನ್ನು ಸರಿಯಾಗಿ ಕಲಸದೆ ಇದ್ದುದರಿಂದ.

ಇದೇ ಘಟನೆಯನ್ನು ನಿಮ್ಮ ಮೊದಲ ನಾಲ್ಕು ಪುಟಗಳ ಧಾಟಿಯಲ್ಲಿ ಬರೆದರೆ ಹೀಗಾಗುತ್ತದೆ: ‘ಡಿಸೆಂಬರ್‌ನಲ್ಲಿ ಜನಿಸಿದವರ ಮೇಲೆ ಕಾಲ ಮುನಿಸಿಕೊಂಡಿತು.’ ಓದುಗನಿಗೆ ಏನು ಸಿಕ್ಕಿತು? ಪಾತ್ರೆ ಹೋಯಿತು, ಚೀಟಿ ಹೋಯಿತು, ಅದನ್ನು ಕಲಸಬೇಕಾಗಿದ್ದವರ ಹೊಣೆಯೂ ಹೋಯಿತು. ನನಗೆ ನಿಜವಾಗಿ ಬೇಸರ ತರಿಸುವುದು ಈ ಕೊನೆಯದು. ಎಲ್ಲವನ್ನೂ ಹಣೆಬರಹಕ್ಕೆ ಕಟ್ಟಿದಾಗ ನಿಯಮ ಬರೆದವರು ನಿರಾಳವಾಗಿಬಿಡುತ್ತಾರೆ.

ಆ ನಾಲ್ಕು ಪುಟ ತೆಗೆದುಹಾಕಿ. ಗ್ರಹಗತಿಯನ್ನು ನಂಬುವವರನ್ನು ನೋಯಿಸಬಾರದು ಎಂಬ ಕಾರಣಕ್ಕೆ ನೀವು ‘ಇದರಲ್ಲೂ ಸತ್ಯವಿರಬಹುದು’ ಎಂದು ಬರೆದಿದ್ದೀರಿ. ಪರೀಕ್ಷೆ ಆಗದ ವಿಷಯವಾಗಿದ್ದರೆ ಆ ಮಾತು ಸರಿ. ಆದರೆ ಪರೀಕ್ಷೆ ಆಗಿದೆ. 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಶಾನ್ ಕಾರ್ಲ್‌ಸನ್ ಪ್ರಕಟಿಸಿದ ಪ್ರಯೋಗದಲ್ಲಿ ಜ್ಯೋತಿಷಿಗಳಿಗೆ ಒಬ್ಬ ವ್ಯಕ್ತಿಯ ಜನ್ಮಕುಂಡಲಿ ಕೊಟ್ಟು, ಮೂರು ವ್ಯಕ್ತಿತ್ವ ವಿವರಣೆಗಳಲ್ಲಿ ಅವರದ್ದು ಯಾವುದೆಂದು ಗುರುತಿಸಲು ಹೇಳಿದರು. ಕಡೇ ಪಕ್ಷ ಅರ್ಧದಷ್ಟಾದರೂ ಸರಿಯಾಗುತ್ತದೆ ಎಂದು ಅವರೇ ಹೇಳಿದ್ದರು. ಸರಿಯಾದದ್ದು ಮೂರರಲ್ಲಿ ಒಂದರಷ್ಟು. ಕಣ್ಣು ಮುಚ್ಚಿ ಆರಿಸಿದರೂ ಅಷ್ಟೇ ಬರುತ್ತದೆ. ಓದುಗರ ಮೇಲೆ ಗೌರವ ಇರುವವರು ಇಷ್ಟನ್ನು ನೇರವಾಗಿ ಹೇಳಿ ಮುಂದೆ ಹೋಗಬಹುದು. ಗೇಲಿಯೂ ಬೇಡ, ಮುಲಾಜೂ ಬೇಡ.

ನಂಬಿಕೆಯ ಬಗ್ಗೆಯೇ ಬರೆಯಬೇಕು ಅನಿಸಿದರೆ ಬೇರೆ ಬಾಗಿಲು ಇದೆ. ಜಪಾನಿನಲ್ಲಿ 60 ವರ್ಷಕ್ಕೊಮ್ಮೆ ‘ಹಿನೋಎ ಉಮಾ’ ಎಂಬ ವರ್ಷ ಬರುತ್ತದೆ, ಬೆಂಕಿಯ ಕುದುರೆಯ ವರ್ಷ. ಆ ವರ್ಷ ಹುಟ್ಟಿದ ಹೆಣ್ಣು ಗಂಡನ ಪಾಲಿಗೆ ಕೆಡುಕು ಎಂದು ಹಳೆಯ ನಂಬಿಕೆ. 1966ರಲ್ಲಿ ಅದು ಬಂದಾಗ ಆ ದೇಶದಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಕಡಿಮೆ ಮಕ್ಕಳು ಹುಟ್ಟಿದರು. 1965ರಲ್ಲಿ 18 ಲಕ್ಷ ದಾಟಿದ್ದ ಸಂಖ್ಯೆ ಸುಮಾರು 13.6 ಲಕ್ಷಕ್ಕೆ ಇಳಿಯಿತು. ಮುಂದಿನ ವರ್ಷ ಮತ್ತೆ ಏರಿತು. ನಕ್ಷತ್ರ ಏನೂ ಮಾಡಲಿಲ್ಲ, ಮಾಡಿದ್ದು ಲಕ್ಷಾಂತರ ಗಂಡ ಹೆಂಡಿರ ಭಯ. ಆ ಭಯ ಹೆಣ್ಣುಮಕ್ಕಳ ಬಗ್ಗೆ ಏನು ಹೇಳುತ್ತದೆ ಎನ್ನುವುದರ ಮೇಲೆಯೇ ಒಂದು ಲೇಖನ ಆಗುತ್ತದೆ. ಈ 2026 ಅದೇ ವರ್ಷ.

ಹಾಕಿ ಪುಟಕ್ಕೆ ಬರೋಣ. ಅಲ್ಲಿ ನಿಮ್ಮ ಮಾಹಿತಿ ಸರಿ, ತೀರ್ಮಾನ ತಪ್ಪು. ರೋಜರ್ ಬಾರ್ನ್‌ಸ್ಲಿ ಮತ್ತು ಜೊತೆಗಾರರು 1985ರಲ್ಲಿ ತೋರಿಸಿದಂತೆ ಕೆನಡಾದ ಉನ್ನತ ಮಟ್ಟದ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಹೆಚ್ಚು. ಅಷ್ಟು ಬರೆದು ನೀವು ‘ಜನವರಿಯವರು ಆಡಲೆಂದೇ ಹುಟ್ಟಿದವರು’ ಎಂದು ಮುಗಿಸಿದ್ದೀರಿ. ಹಾಗಲ್ಲ. ಅಲ್ಲಿ ಮಕ್ಕಳನ್ನು ವಯಸ್ಸಿನ ಪ್ರಕಾರ ಗುಂಪು ಮಾಡುವಾಗ ಜನವರಿ 1 ಗಡಿ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ತಂಡಕ್ಕೆ ಬರುತ್ತಾರೆ. ಒಂಬತ್ತು ವರ್ಷದ ಮಗುವಿಗೆ ಹನ್ನೊಂದು ತಿಂಗಳ ಬೆಳವಣಿಗೆ ಅಂದರೆ ಎತ್ತರ, ತೂಕ, ಮಾತು ಕೇಳಿಸಿಕೊಂಡು ನಿಲ್ಲುವ ತಾಳ್ಮೆ, ಎಲ್ಲದರಲ್ಲೂ ವ್ಯತ್ಯಾಸ. ತರಬೇತುದಾರರು ಆ ಬೆಳವಣಿಗೆಯನ್ನೇ ಪ್ರತಿಭೆ ಎಂದುಕೊಳ್ಳುತ್ತಾರೆ. ಆಯ್ಕೆಯಾದವನಿಗೆ ಹೆಚ್ಚು ಅಭ್ಯಾಸ, ಹೆಚ್ಚು ಪಂದ್ಯ, ಒಳ್ಳೆಯ ಎದುರಾಳಿಗಳು. ಕೆಲವು ವರ್ಷ ಕಳೆಯುವಷ್ಟರಲ್ಲಿ ಆತ ನಿಜವಾಗಿಯೂ ಮುಂದಿರುತ್ತಾನೆ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಗಡಿ ಸೆಪ್ಟೆಂಬರ್, ಅಲ್ಲಿ ಮುಂದಿರುವುದು ಸೆಪ್ಟೆಂಬರ್ ಮತ್ತು ಅದರ ನಂತರದ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳು. ತಿಂಗಳಿಗೆ ಶಕ್ತಿಯಿಲ್ಲ, ಗೆರೆ ಎಳೆದ ಜಾಗಕ್ಕೆ ಇದೆ.

ಇನ್ನೊಂದು ವಿಷಯ ನೀವು ಬಿಟ್ಟಿದ್ದೀರಿ, ಅಥವಾ ನಿಮ್ಮ ವಾದಕ್ಕೆ ಅಡ್ಡ ಬರುತ್ತದೆಂದು ಬಿಟ್ಟಿರಬಹುದು. ವೃತ್ತಿಪರ ಹಾಕಿ ಲೀಗಿಗೆ ಆಯ್ಕೆಯಾದ ಆಟಗಾರರನ್ನು ಮುಂದೆ ಹಿಂಬಾಲಿಸಿ ನೋಡಿದ 2013ರ ಅಧ್ಯಯನವೊಂದರಲ್ಲಿ, ವರ್ಷದ ದ್ವಿತೀಯಾರ್ಧದಲ್ಲಿ ಹುಟ್ಟಿದವರು ತಮ್ಮನ್ನು ಆರಿಸಿದ ಕ್ರಮಾಂಕಕ್ಕೆ ಹೋಲಿಸಿದರೆ ಹೆಚ್ಚೇ ಸಾಧಿಸಿದ್ದರು. ಅಂದರೆ ತಂಡಗಳು ಅವರನ್ನು ಕಡಿಮೆ ಅಂದಾಜು ಮಾಡಿದ್ದವು. ನಿಮ್ಮ ಮಾತಿಗೆ ಎದುರು ನಿಲ್ಲುವ ಇಂಥ ಸಂಗತಿಗಳನ್ನು ಹುಡುಕಿಕೊಂಡು ಹೋಗಿ. ಲೇಖನ ಗಟ್ಟಿಯಾಗುವುದು ಅಲ್ಲಿ.

ಆಟದ ಉದಾಹರಣೆ ಸವಕಲಾಗಿದೆ ಅನಿಸಿದರೆ ತರಗತಿಗೆ ಬನ್ನಿ. 2018ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಇದು. ಶಾಲೆಗೆ ಸೇರಲು ಸೆಪ್ಟೆಂಬರ್ 1 ಗಡಿಯಾಗಿರುವ ರಾಜ್ಯಗಳಲ್ಲಿ, ಆಗಸ್ಟ್‌ನಲ್ಲಿ ಹುಟ್ಟಿ ತರಗತಿಗೆಲ್ಲ ಚಿಕ್ಕವರಾದ ಮಕ್ಕಳಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ) ಇದೆ ಎಂದು ಹೇಳಿಸಿಕೊಂಡವರ ಪ್ರಮಾಣ, ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗಿಂತ 34% ಹೆಚ್ಚು. ಗಡಿ ಬೇರೆ ಇರುವ ರಾಜ್ಯಗಳಲ್ಲಿ ಆಗಸ್ಟ್, ಸೆಪ್ಟೆಂಬರ್ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. ಐದು ವರ್ಷದ ಮಗು ಐದು ವರ್ಷದ ಮಗುವಿನ ಹಾಗೇ ಚಡಪಡಿಸುತ್ತಿತ್ತು, ಪಕ್ಕದಲ್ಲಿ ಕೂತದ್ದು ಆರರ ಹತ್ತಿರದ ಮಕ್ಕಳು. ಕೆಲವು ಮಕ್ಕಳಿಗೆ ಅದರಿಂದ ಮಾತ್ರೆ ಶುರುವಾಯಿತು. ಇಲ್ಲೂ ನೋಡಿ: ಒಂದು ತಾರೀಖು, ಒಬ್ಬ ಶಿಕ್ಷಕಿ, ಒಬ್ಬ ವೈದ್ಯ. ಕೈಗಳು ಕಾಣುತ್ತವೆ.

ಇನ್ನು ಆ ಒಂದು ಸಾಲು. ‘ಯುದ್ಧಕಾಲದಲ್ಲಿ ಹುಟ್ಟಿದ ಮಕ್ಕಳು ಜೀವನಪೂರ್ತಿ ರೋಗಿಗಳಾಗುತ್ತಾರೆಂದು ವಿಜ್ಞಾನ ಸಾಬೀತುಪಡಿಸಿದೆ.’ ಇಂಥ ಸಾಲು ಕಂಡ ಕೂಡಲೇ ನಾನು ಪೆನ್ನು ಎತ್ತುತ್ತೇನೆ. ನೀವು ಎಲ್ಲೋ ಓದಿರುವುದು ನೆದರ್ಲೆಂಡ್ಸ್‌ನ ಹಸಿವಿನ ಚಳಿಗಾಲದ ಬಗ್ಗೆ ಇರಬೇಕು. 1944ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ರೈಲ್ವೆ ನೌಕರರು ಮುಷ್ಕರ ಹೂಡಿದರು. ಆಕ್ರಮಿಸಿಕೊಂಡಿದ್ದ ಜರ್ಮನರು ಸೇಡಿಗೆ ಪಶ್ಚಿಮದ ನಗರಗಳಿಗೆ ಆಹಾರ ಸಾಗಣೆ ತಡೆದರು. ಆಮೇಲೆ ಕಾಲುವೆಗಳು ಹೆಪ್ಪುಗಟ್ಟಿದವು. ತಲೆಗೆ ದಿನಕ್ಕೆ 1,000 ಕ್ಯಾಲೊರಿಗಿಂತ ಕಡಿಮೆ ಪಡಿತರ, ಕೆಲವು ತಿಂಗಳು ಅದರ ಅರ್ಧದಷ್ಟು. 1945ರ ಮೇನಲ್ಲಿ ಬಿಡುಗಡೆಯಾಗುವ ತನಕ ಹೀಗೆ. ಬರ ಶುರುವಾದ ದಿನವೂ ಮುಗಿದ ದಿನವೂ ಗೊತ್ತಿದ್ದದ್ದರಿಂದ, ತಾಯಿ ಎಷ್ಟನೇ ತಿಂಗಳಲ್ಲಿ ಹಸಿದಿದ್ದಳು ಎಂದು ಮಗುವಿನ ಹುಟ್ಟಿದ ತಾರೀಖಿನಿಂದಲೇ ಲೆಕ್ಕ ಹಾಕಬಹುದಿತ್ತು. 19ನೇ ವಯಸ್ಸಿಗೆ ಹುಡುಗರೆಲ್ಲ ಸೇನೆಯ ದೇಹ ತಪಾಸಣೆಗೆ ಬಂದರು. ಅಂಥ ಮೂರು ಲಕ್ಷ ಹುಡುಗರ ದಾಖಲೆ ಇಟ್ಟುಕೊಂಡು 1976ರಲ್ಲಿ ಪ್ರಕಟವಾದ ಅಧ್ಯಯನ ಕಂಡದ್ದು ಇದು: ಬಸಿರಿನ ಮೊದಲರ್ಧದಲ್ಲಿ ಹಸಿವು ತಾಗಿದವರಲ್ಲಿ ಬೊಜ್ಜು ಹೆಚ್ಚು, ಕೊನೆಯ ತಿಂಗಳುಗಳಲ್ಲಿ ಅಥವಾ ಹುಟ್ಟಿದ ಹೊಸದರಲ್ಲಿ ತಾಗಿದವರಲ್ಲಿ ಕಡಿಮೆ. ಅದೇ ನಗರ, ಅದೇ ಯುದ್ಧ, ಕೆಲವೇ ತಿಂಗಳ ಅಂತರ, ಫಲಿತಾಂಶ ತಿರುಗುಮುರುಗು. ‘ಯುದ್ಧಕಾಲದ ಮಕ್ಕಳು’ ಎಂದು ಒಂದೇ ಗಂಟು ಕಟ್ಟಿದಾಗ ಈ ಅದ್ಭುತವೆಲ್ಲ ಕಳೆದುಹೋಗುತ್ತದೆ. ಎರಡು ಗುಂಪಿನಲ್ಲೂ ಬಹುಪಾಲು ಹುಡುಗರಿಗೆ ಬೊಜ್ಜು ಇರಲೇ ಇಲ್ಲ ಎಂಬುದನ್ನೂ ಮರೆಯಬೇಡಿ. ಸಾವಿರಾರು ಜನರ ಸರಾಸರಿ ಒಬ್ಬರ ಭವಿಷ್ಯ ಅಲ್ಲ. ‘ಹೆಚ್ಚು ಸಾಧ್ಯತೆ’ ಎಂದು ಬರೆಯಬೇಕಾದ ಕಡೆಯೆಲ್ಲ ನೀವು ‘ಆಗುತ್ತಾರೆ’ ಎಂದು ಬರೆದಿದ್ದೀರಿ. ಒಂದೊಂದನ್ನೂ ತಿದ್ದಿ.

ಕಾರಣ ಹೇಳುವಾಗಲೂ ಅವಸರ ಬೇಡ. ಚಳಿಗಾಲದಲ್ಲಿ ಹುಟ್ಟಿದವರು ಓದಿನಲ್ಲಿ, ಗಳಿಕೆಯಲ್ಲಿ ತುಸು ಹಿಂದೆ ಎಂದು ಅಮೆರಿಕದ ಅಂಕಿಅಂಶ ತೋರಿಸುತ್ತಿತ್ತು. ಶಾಲಾ ಕಾಯ್ದೆ, ಹವಾಮಾನ, ಏನೇನೋ ಕಾರಣ ಕೊಟ್ಟರು. ಆಮೇಲೆ ಕೇಸಿ ಬಕಲ್ಸ್ ಮತ್ತು ಡೇನಿಯಲ್ ಹಂಗರ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ತಾಯಂದಿರ ಹಿನ್ನೆಲೆ ನೋಡಿದರು. ಆ ತಿಂಗಳುಗಳಲ್ಲಿ ಹೆರುವವರಲ್ಲಿ ಹದಿಹರೆಯದವರು, ಕಡಿಮೆ ಓದಿದವರು ಹೆಚ್ಚಿದ್ದರು. ವ್ಯತ್ಯಾಸದ ಒಂದು ದೊಡ್ಡ ಪಾಲು ಮಗು ಹುಟ್ಟುವ ಮೊದಲೇ ಮನೆಯಲ್ಲಿತ್ತು.

ಈಗ ಅಕ್ಕ.

ನೀವು ಬರೆದಿರುವುದು ಇಷ್ಟು: ಅಕ್ಕ ಓದಿನಲ್ಲಿ ಮುಂದು, ಕೊನೆಯ ವರ್ಷದಲ್ಲಿದ್ದಾಗಲೇ ದೊಡ್ಡ ಕಂಪನಿಯೊಂದರ ಆಫರ್ ಲೆಟರ್ ಕೈಗೆ ಬಂತು, 2009ರಲ್ಲಿ ಪದವಿ ಮುಗಿಯಿತು, ಕೆಲಸಕ್ಕೆ ಸೇರುವ ತಾರೀಖನ್ನು ಎರಡು ಸಲ ಮುಂದಕ್ಕೆ ಹಾಕಿದರು, ಆಮೇಲೆ ಮೂರು ಸಾಲಿನ ಇಮೇಲ್‌ನಲ್ಲಿ ಆಫರ್ ವಾಪಸ್ ತೆಗೆದುಕೊಂಡರು. ಅವರು ಸಣ್ಣದೊಂದು ಕಚೇರಿಯಲ್ಲಿ ಡೇಟಾ ಎಂಟ್ರಿಗೆ ಸೇರಿದರು. ಐದು ವರ್ಷದ ನಂತರ ಅದೇ ಕಾಲೇಜಿನಲ್ಲಿ ಅದೇ ವಿಷಯ ಓದಿದ ‘ಮನೆಯ ಕಿರಿಯವನು’ ಅವರಿಗಿಂತ ಕಡಿಮೆ ಅಂಕ ತೆಗೆದು, ಕೈಯಲ್ಲಿ ಎರಡು ಆಫರ್ ಹಿಡಿದುಕೊಂಡು ಆಯ್ಕೆ ಮಾಡುತ್ತ ಕೂತಿದ್ದ. ಇಷ್ಟರ ಮೇಲೆ ನೀವು ಸೇರಿಸಿದ ವಾಕ್ಯ: ‘ಕಾಲನ ಕ್ರೂರ ಹಸ್ತ ಅಕ್ಕನ ಕನಸುಗಳನ್ನು ಬಲಿ ತೆಗೆದುಕೊಂಡಿತು.’

ಆ ವಾಕ್ಯ ಹೊಡೆದು ಹಾಕಿ. ಮೂರು ಸಾಲಿನ ಇಮೇಲ್ ಇರುವಾಗ ಕಾಲನ ಹಸ್ತ ಯಾಕೆ ಬೇಕು? ಆ ಮೂರು ಸಾಲು ಏನು ಹೇಳಿದ್ದವು? ಅಕ್ಕ ಅದನ್ನು ಎಲ್ಲಿ ಕೂತು ಓದಿದರು, ಮೊದಲು ಯಾರಿಗೆ ಹೇಳಿದರು, ಯಾರಿಗೆ ಹೇಳದೆ ಉಳಿದರು? ಸೇರುವ ತಾರೀಖು ಮೊದಲ ಸಲ ಮುಂದೆ ಹೋದಾಗ ಅವರು ಬೇರೆ ಕಡೆ ಅರ್ಜಿ ಹಾಕಿದರೋ, ಇಲ್ಲ ಕೊಟ್ಟ ಮಾತು ನಂಬಿ ಕಾದರೋ? ಆ ಕಾಯುವ ತಿಂಗಳುಗಳಲ್ಲಿ ಒಂದು ಬದುಕು ಬೇರೆ ಹಳಿಗೆ ಹೋಗಿದೆ, ನೀವು ಅದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ.

ಇಲ್ಲಿ ನಿಮಗೆ ಬೆನ್ನಿಗೆ ನಿಲ್ಲುವ ಸಂಶೋಧನೆಯೂ ಇದೆ. ಕೆನಡಾದ ಪದವೀಧರರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಓರಿಯೋಪೌಲಸ್, ವಾನ್ ವಾಕ್ಟರ್ ಮತ್ತು ಹೈಸ್ ಅವರ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಆರ್ಥಿಕ ಹಿಂಜರಿತದ ಹೊತ್ತಿನಲ್ಲಿ ಓದು ಮುಗಿಸಿದವರ ಸಂಬಳ ಶುರುವಿನಲ್ಲೇ ಸುಮಾರು 9% ಕಡಿಮೆ, ಆ ಕೊರತೆ ಪೂರ್ತಿ ತುಂಬಲು ಹತ್ತು ವರ್ಷದಷ್ಟು. ಯಾಕೆ ಅಷ್ಟು ದೀರ್ಘ? ಸಣ್ಣ, ಕಡಿಮೆ ಸಂಬಳದ ಕಡೆ ಸೇರುತ್ತಾರೆ, ಅಲ್ಲಿಂದ ಒಂದೊಂದೇ ಕೆಲಸ ಬದಲಾಯಿಸುತ್ತ ಮೇಲೆ ಬರಬೇಕಾಗುತ್ತದೆ. ಗಳಿಕೆ ಹೆಚ್ಚಿರುವ ವಿಷಯ ಓದಿದವರು ಬೇಗ ಜಿಗಿಯುತ್ತಾರೆ, ಉಳಿದವರು ಕೆಳಗೇ ಸಿಕ್ಕಿಕೊಳ್ಳುತ್ತಾರೆ. ನಿಮ್ಮ ಅಕ್ಕನ ಡೇಟಾ ಎಂಟ್ರಿ ಕೆಲಸ ಈ ದಾರಿಯ ಮೊದಲ ಮೆಟ್ಟಿಲೇ. ಅವರು ಎರಡು ವರ್ಷ ಮೊದಲು ಹುಟ್ಟಿದ್ದರೆ 2007ರಲ್ಲಿ ಕೆಲಸದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನಿಮ್ಮ ಲೇಖನದ ಇಡೀ ವಾದ ಈ ಒಂದು ವಾಕ್ಯದಲ್ಲಿದೆ.

ವಯಸ್ಸಿನ ವಿಷಯದಲ್ಲಿ ಗ್ಲೆನ್ ಎಲ್ಡರ್ ಎಂಬ ಸಮಾಜಶಾಸ್ತ್ರಜ್ಞರ ಕೆಲಸವನ್ನೂ ನೋಡಿ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದ ಕ್ಯಾಲಿಫೋರ್ನಿಯಾದ ಎರಡು ಗುಂಪಿನ ಮಕ್ಕಳನ್ನು ಅವರು ಹೋಲಿಸಿದರು. 1920-21ರಲ್ಲಿ ಹುಟ್ಟಿದವರು ಆಗ ಹದಿಹರೆಯದವರು, ಮನೆಗೆ ಕೈಜೋಡಿಸುವಷ್ಟು ದೊಡ್ಡವರು. 1928-29ರಲ್ಲಿ ಹುಟ್ಟಿದವರು ಇನ್ನೂ ಎಳೆಯ ಮಕ್ಕಳು. ಪೆಟ್ಟು ಹೆಚ್ಚು ಬಿದ್ದದ್ದು ಚಿಕ್ಕವರಿಗೆ, ಅದರಲ್ಲೂ ಗಂಡುಮಕ್ಕಳಿಗೆ. ದುರ್ದಿನ ಒಂದೇ, ಅದು ಮಗುವನ್ನು ಯಾವ ವಯಸ್ಸಿನಲ್ಲಿ ಸಿಕ್ಕಿಸಿಕೊಂಡಿತು ಎಂಬುದು ಬೇರೆ. ಅಕ್ಕನಿಗೆ 21, ನಿಮಗೆ 16. ಆ ವರ್ಷ ಮನೆಯಲ್ಲಿ ನೀವೂ ಇದ್ದಿರಿ.

ಹೌದು, ‘ಮನೆಯ ಕಿರಿಯವನು’ ನೀವೇ ಎಂಬುದು ಲೇಖನದ ಕೆಳಗಿನ ಪರಿಚಯದ ಸಾಲು ಓದಿದಾಗ ಗೊತ್ತಾಯಿತು. ಯಾಕೆ ಮರೆಯಾದಿರಿ? ಸಂಕೋಚ ಇರಬಹುದು, ನನಗೆ ಅರ್ಥವಾಗುತ್ತದೆ. ಆದರೆ ಈ ಲೇಖನವನ್ನು ನೀವೇ ಬರೆಯಬೇಕು ಅನ್ನಲು ಇರುವ ಕಾರಣ ಅದೊಂದೇ. ಕಾಲದ ಬಗ್ಗೆ ತತ್ವ ಹೇಳುವವರು ನಮಗೆ ಬೇಕಾದಷ್ಟು ಜನ ಸಿಗುತ್ತಾರೆ. ಐದು ವರ್ಷ ತಡವಾಗಿ ಹುಟ್ಟಿದ್ದರಿಂದ ಲಾಭ ಪಡೆದವನು, ಆ ಲಾಭವನ್ನು ಅಕ್ಕನ ಪಕ್ಕದಲ್ಲಿಟ್ಟು ನೋಡಿ, ‘ನಾನು’ ಎಂದು ಬರೆಯುವುದು ಅಪರೂಪ. ನಿಮ್ಮ ಶ್ರಮವನ್ನು ಅಲ್ಲಗಳೆಯಬೇಕಾಗಿಲ್ಲ. ನೀವೂ ಓದಿದ್ದೀರಿ, ಸಂದರ್ಶನಕ್ಕೆ ತಯಾರಿ ಮಾಡಿದ್ದೀರಿ. ಅದನ್ನೂ ಬರೆಯಿರಿ, ಅಕ್ಕ ಮಾಡಿದ ಅಷ್ಟೇ ತಯಾರಿಯನ್ನೂ ಬರೆಯಿರಿ. ಅಕ್ಕನನ್ನು ಬರೀ ನೊಂದವರಾಗಿ ನಿಲ್ಲಿಸಬೇಡಿ. ಈಗ ಅವರು ಏನು ಮಾಡುತ್ತಿದ್ದಾರೆ ಎಂದು ಲೇಖನದಲ್ಲಿ ಎಲ್ಲೂ ಇಲ್ಲ. ಅವರ ಕಥೆ 2009ರಲ್ಲೇ ಮುಗಿದಂತೆ ಬರೆದಿದ್ದೀರಿ, ಅದು ಅವರಿಗೆ ಮಾಡುವ ಅನ್ಯಾಯ.

ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿ, ಬರೆದ ಮೇಲೆ ಅವರಿಗೆ ಓದಲು ಕೊಡಿ. ಅವರು ಬೇಡ ಎಂದ ವಿವರ ಬೇಡ. ಈ ಒಂದು ಷರತ್ತಿನಲ್ಲಿ ನಾನು ಸಡಿಲ ಬಿಡುವುದಿಲ್ಲ.

ತಿದ್ದುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆಫರ್ ಲೆಟರ್‌ನಿಂದ ಶುರುಮಾಡಿ. ಹಾಕಿ, ಹಸಿವಿನ ಚಳಿಗಾಲ, ಲಾಟರಿ, ಇವುಗಳಲ್ಲಿ ಒಂದೋ ಎರಡೋ ಇಟ್ಟುಕೊಳ್ಳಿ, ಅದೂ ಅಕ್ಕನ ಕಥೆಗೆ ಬೆಳಕು ಬೀರುವ ಕಡೆ ಮಾತ್ರ. ನಾನು ಮೇಲೆ ಬರೆದದ್ದನ್ನೆಲ್ಲ ತುರುಕಿದರೆ ಇನ್ನೊಂದು ಬಗೆಯ ಹೊರೆ ಆಗುತ್ತದೆ. 1,500 ಪದ ಸಾಕು. ಕೊನೆಯ ಪುಟದ ಕಾಲಮಹಿಮೆ ಬೇಡ. ಕಂಪನಿಯ ಹೆಸರು ಹಾಕಬೇಡಿ. ಅವಸರವಿಲ್ಲ, ಆದಾಗ ನೇರವಾಗಿ ನನಗೇ ಕಳಿಸಿ.

ಒಂದು ವಿವರ ಮಾತ್ರ ಈಗಲೇ ನೋಡಿಕೊಳ್ಳಿ. ಆಫರ್ ಲೆಟರ್ ಬಂದದ್ದು 2008ರ ಆಗಸ್ಟ್ ಎಂದು ಆರನೇ ಪುಟದಲ್ಲಿದೆ, ನವೆಂಬರ್ ಎಂದು ಏಳನೇ ಪುಟದಲ್ಲಿದೆ. ನ್ಯೂಯಾರ್ಕ್‌ನಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ದಿವಾಳಿ ಅರ್ಜಿ ಹಾಕಿದ್ದು ಆ ವರ್ಷದ ಸೆಪ್ಟೆಂಬರ್ 15ರಂದು. ಆಗಸ್ಟ್ ಆಗಿದ್ದರೆ, ಆ ಆರ್ಥಿಕ ಕುಸಿತ ಇನ್ನೂ ಕಣ್ಣಿಗೆ ಬೀಳದೆ ಇದ್ದಾಗ ಕಂಪನಿ ಅಕ್ಕನಿಗೆ ಮಾತು ಕೊಟ್ಟಿತು. ನವೆಂಬರ್ ಆಗಿದ್ದರೆ, ಎಲ್ಲರಿಗೂ ಗೊತ್ತಾದ ಮೇಲೂ ಕೊಟ್ಟಿತು, ಆಗ ನೀವು ಬರೆಯಬೇಕಾದ ಲೇಖನವೇ ಬೇರೆ. ಪತ್ರ ಅಕ್ಕನ ಹತ್ತಿರ ಇನ್ನೂ ಇದ್ದರೆ ತಾರೀಖು ನೋಡಿ ತಿಳಿಸಿ.